ಕೊನೆಯ ಹತ್ತು ಸೀಟುಗಳು ಮಾತ್ರ!

"ಗೇಟ್ ತೆಗೀರಿ, ಉಸಿರು ಕಟ್ತೈತ್ರೀ!"

ಕಳೆದ ಭಾನುವಾರ ಬೆಳಿಗ್ಗೆ ದಾವಣಗೆರೆಯ ವಿದ್ಯಾನಗರದ ಒಂದು ಕಿರಿದಾದ ಮೆಟ್ಟಿಲ ಮೇಲೆ ಎದ್ದ ಈ ಕೂಗು ಇನ್ನೂ ನನ್ನ ಕಿವಿ ಬಿಟ್ಟಿಲ್ಲ. ಆಗ ನಾನು ಗೇಟಿನ ಒಳಗಡೆ ನಿಂತು ಮೊಬೈಲಿನಲ್ಲಿ ರೀಲ್ ಮಾಡುತ್ತಿದ್ದೆ.

ಮೊದಲಿಂದ ಹೇಳುತ್ತೇನೆ. ನನ್ನ ಕಾಲೇಜು ಗೆಳೆಯ ಮಂಜು ಅಲ್ಲಿ ಎರಡನೇ ಮಹಡಿಯಲ್ಲಿ ಸಿಇಟಿ ಕೋಚಿಂಗ್ ನಡೆಸುತ್ತಾನೆ. ಫಿಸಿಕ್ಸ್ ಚೆನ್ನಾಗಿ ಹೇಳಿಕೊಡುತ್ತಾನೆ. ಆದರೆ ಅದು ಯಾರಿಗೆ ಕಾಣುತ್ತದೆ? ಕಾಣುವುದು ಇನ್‌ಸ್ಟಾಗ್ರಾಮು, ವಾಟ್ಸಾಪ್ ಸ್ಟೇಟಸ್ಸು. "ಪೇಪರ್‌ನಾಗೆ ಬರೀತೀಯಲ್ಲ, ನನಗೂ ನಾಕು ಸಾಲು ಬರ್ದುಕೊಡಲೇ" ಅಂದ.

ಅವನು ಬರೆದಿಟ್ಟುಕೊಂಡಿದ್ದು: "ಭಾನುವಾರ ಉಚಿತ ಡೆಮೊ ಕ್ಲಾಸ್. ಎಲ್ಲರಿಗೂ ಸ್ವಾಗತ." (ಅಷ್ಟಕ್ಕೇ ಬಿಟ್ಟಿದ್ದರೆ!) ನಾನು ತಿದ್ದಿದೆ: "ಕೊನೆಯ ಹತ್ತು ಸೀಟುಗಳು ಮಾತ್ರ! ಹತ್ತು ಗಂಟೆಗೆ ಬಾಗಿಲು ಮುಚ್ಚುತ್ತದೆ. ನಿಮ್ಮ ಮಗು ಒಳಗೋ, ಹೊರಗೋ?"

ಊರು ತುಂಬ ಹೀಗೇ ಬರೆಯುತ್ತಾರೆ. ಸೀರೆ ಅಂಗಡಿಗೆ ಯಾವಾಗಲೂ ಇವತ್ತೇ ಕೊನೆಯ ದಿನ. ಲೇಔಟಿನಲ್ಲಿ ಯಾವಾಗಲೂ ಎರಡೇ ಸೈಟು ಬಾಕಿ. ನಾವು ನಕ್ಕು ಮುಂದೆ ಹೋಗುತ್ತೇವೆ. ಆದರೆ ಮಕ್ಕಳ ಓದಿನ ವಿಷಯದಲ್ಲಿ ಯಾವ ತಾಯಿ ನಗುತ್ತಾಳೆ?

"ಏನ್ ಬರ್ದೀಯಲೇ! ಶೇರ್ ಮೇಲೆ ಶೇರ್!" ಮಂಜು ಕುಣಿದ. ಭಾನುವಾರ ಸರಿಯಾಗಿ ಹತ್ತಕ್ಕೆ ಮೆಟ್ಟಿಲ ತುದಿಯ ಕಬ್ಬಿಣದ ಗೇಟು ಎಳೆದು ಬೀಗ ಹಾಕಿದ. ಐದು ನಿಮಿಷ ಬಿಟ್ಟು ತೆಗೆಯುವುದು ಪ್ಲಾನು. ಹೊರಗಿನವರ ಗಾಬರಿ ವಿಡಿಯೊದಲ್ಲಿ ಚೆನ್ನಾಗಿ ಬರುತ್ತದೆ ಎಂದವನು ನಾನೇ.

ಗೇಟು ಮುಚ್ಚಿದ್ದು ಕೆಳಗಿನವರಿಗೆ ಕಾಣಲಿಲ್ಲ. ತಳ್ಳಿದರು. ಮುಂದಿದ್ದ ಹೆಂಗಸೊಬ್ಬರು ಎರಡೂ ಕೈ ಸರಳಿಗೆ ಊರಿ, ತೋಳುಗಳ ನಡುವೆ ಮಗಳನ್ನು ಕಾಯ್ದುಕೊಂಡು ನಿಂತಿದ್ದರು. ಕೂಗಿದ್ದು ಅವರೇ. ಮಂಜು ಬೀಗ ತೆಗೆದ. ಜನರ ಒತ್ತಡಕ್ಕೆ ಗೇಟು ಜಪ್ಪಯ್ಯ ಅಂದರೂ ಸರಿಯಲಿಲ್ಲ. ಹುಡುಗಿಯ ಕಣ್ಣು ಮೇಲಾಗುತ್ತಿತ್ತು.

ಮಂಜು ಕಿಟಕಿಗೆ ಓಡಿ ರಸ್ತೆಗೆ ಕೇಳುವಂತೆ ಅರಚಿದ: "ಸೀಟು ಬೇಕಾದಷ್ಟು ಅದಾವ್ರೀ! ಎಲ್ರಿಗೂ ಜಾಗ ಐತೆ! ಕೆಳಗಿಳೀರಿ!"

ನಿಜ ಹೇಳಿದ ಕೂಡಲೇ ಜನ ಸಡಿಲವಾದರು. ಒಂದು ನಿಮಿಷ ತಡವಾಗಿದ್ದರೆ? ದಿನಕ್ಕೆ ಹತ್ತು ಸಲ ಕೇಳಿಕೊಳ್ಳುತ್ತೇನೆ.

ಆ ತಾಯಿಯನ್ನು ಒಳಗೆ ಬೆಂಚಿನ ಮೇಲೆ ಕೂರಿಸಿದೆವು. ಮೊಣಕೈ ಊದಿಕೊಂಡಿತ್ತು. ಮಗಳು ನೀರು ಕುಡಿದು ನಿಧಾನಕ್ಕೆ ಉಸಿರಾಡುತ್ತಿದ್ದಳು. ತಾಯಿ ನನ್ನ ಮುಖ ನೋಡಿದರು. ಬೈಯುತ್ತಾರೆ ಅಂದುಕೊಂಡೆ.

"ತಪ್ಪು ತಿಳಕಬ್ಯಾಡ್ರಿ ಸರ್, ಹರಿಹರದಿಂದ ಬಸ್ಸು ತಡ ಆತು. ಇವಳಿಗೊಂದು ಸೀಟು ಉಳಿದೈತೇನ್ರಿ?"

"ಐತಮ್ಮ."

"ಮತ್ತೆ ಹತ್ತೇ ಅಂತ ಹಾಕಿದ್ರಲ್ಲ ಸರ್?" ಕೇಳಿದ್ದು ಮಗಳು.

"ಯಾರೋ ತಪ್ಪಾಗಿ ಹಾಕಿರಬೇಕು" ಅಂದೆ.

ಅಷ್ಟೆಲ್ಲ ಕಣ್ಣಾರೆ ಕಂಡ ಮೇಲೂ ನನ್ನ ಬಾಯಿಗೆ ಮೊದಲು ಬಂದದ್ದು ಇನ್ನೊಂದು ಸುಳ್ಳೇ.