ಬೇಡ ಅನ್ನುವ ಪಾಠ

ಬಸ್ಸು ಕೆಟ್ಟು ನಿಲ್ಲಬಹುದಿತ್ತು. ಬಸ್ಸು ನೆಟ್ಟಗೆ ಬಂದು ನಾನೇ ಕೆಟ್ಟು ನಿಲ್ಲಬಹುದಿತ್ತು. ಕರೆಂಟು ಹೋಗಬಹುದಿತ್ತು, ಹೋಗದಿದ್ದರೆ ಫ್ಯಾನಿನ ಗಾಳಿಗೆ ನಾನು ಬರೆದು ತಂದ ಚಿತ್ರಗಳೆಲ್ಲ ಹಾರಬಹುದಿತ್ತು. ಮೂಗಿನಿಂದ ಹೊರಡಬೇಕಾದ ಫ್ರೆಂಚ್ ಸ್ವರ ನೆಗಡಿಯ ದೆಸೆಯಿಂದ ಎಲ್ಲಿಂದಲೂ ಹೊರಡದೆ ಹೋಗಬಹುದಿತ್ತು. ಹುಡುಗರು ಬರದಿರಬಹುದು, ಬಂದು ನಗಬಹುದು. ಪರೀಕ್ಷೆ ನೋಡಲು ಬರುವ ಮೇಡಂ ಪ್ಯಾರಿಸ್ಸಿನ ಬೀದಿಗಳ ಬಗ್ಗೆ ಏನಾದರೂ ಕೇಳಿದರೆ, ಪಶ್ಚಿಮಕ್ಕೆ ಸೊಲ್ಲಾಪುರದಿಂದಾಚೆ ಕಾಲಿಡದ ನಾನು ಏನು ಹೇಳಲಿ? ಪ್ಯಾಂಟಿನ ಹುಕ್ಕಿನ ಚಿಂತೆ ಬೇರೆ. ಪರೀಕ್ಷೆಯ ಹಿಂದಿನ ವಾರವೆಲ್ಲ ಇವನ್ನು ಒಂದೊಂದಾಗಿ ನೆನೆದು ಬೆವರುವುದೇ ನನ್ನ ತಯಾರಿಯಾಗಿತ್ತು.

ಎಂಬತ್ತರ ದಶಕದ ಮಾತು. ಹೈದರಾಬಾದಿನ ವಿಶ್ವವಿದ್ಯಾಲಯದಲ್ಲಿ ನಾನು ಫ್ರೆಂಚ್ ಮಾಸ್ತರನಾಗುವ ತರಬೇತಿಯಲ್ಲಿದ್ದೆ. ಭೂಸನೂರಿನ ಕಬ್ಬಿನ ಹೊಲದಿಂದ ಎದ್ದು ಹೋದವನಿಗೆ ಇದೇಕೆ ಬೇಕಿತ್ತು ಎಂದು ಈಗಲೂ ಕೇಳುವವರಿದ್ದಾರೆ. ಅಪ್ಪ ಆಗಲೇ ಕೇಳಿದ್ದ. "ಅದನ್ನ ಕಲ್ತು ಯಾರ ಜೋಡಿ ಮಾತಾಡ್ತಿ ಲೇ? ಎತ್ತಿನ ಜೋಡಿ?" ಅಣ್ಣ ಸಕ್ಕರೆ ಫ್ಯಾಕ್ಟರಿಯಲ್ಲಿ ಕಬ್ಬಿನ ಗಾಡಿ ತೂಗುವಲ್ಲಿ ನನಗೊಂದು ಜಾಗ ಮಾತಾಡಿ ಇಟ್ಟಿದ್ದ. ಪಾಸಾದರೆ ಮಾಸ್ತರ್, ಫೇಲಾದರೆ ತೂಕ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು.

ಕೊನೆಯ ಪರೀಕ್ಷೆಯೆಂದರೆ ಒಂದು ಪಾಠ. ನಮ್ಮ ನಮ್ಮ ಊರ ಕಡೆ ಒಂದು ತರಗತಿ ಕೂಡಿಸಿ, ತಿಂಗಳ ಕಾಲ ಕಲಿಸಿ, ಕಡೆಗೆ ಮೇಡಂ ಬಂದು ನೋಡುವಾಗ ಪಾಠ ಮಾಡಿ ತೋರಿಸಬೇಕು. ಮೇಡಂ ಪಾಂಡಿಚೇರಿಯವರು; ಕನ್ನಡ ಬಾರದು. ನಿಯಮ ಒಂದೇ, ಆದರೆ ಕಠಿಣ. ಅವರು ಒಳಗೆ ಕಾಲಿಟ್ಟಾಗಿನಿಂದ ಅಂಕದ ಹಾಳೆಗೆ ಸಹಿ ಹಾಕುವವರೆಗೆ ನನ್ನ ಬಾಯಿಂದ ಫ್ರೆಂಚಲ್ಲದೆ ಬೇರೆ ಮಾತು ಬೀಳಕೂಡದು. ಬಿದ್ದರೆ ಪಾಠ ಲೆಕ್ಕಕ್ಕಿಲ್ಲ.

ಆಳಂದದ ಒಂದು ಕಾಲೇಜಿನ ಪ್ರಾಚಾರ್ಯರು ಸಂಜೆ ಹೊತ್ತಿಗೆ ಒಂದು ಕೋಣೆ ಕೊಟ್ಟರು. ಹಣೆ ತುಂಬ ವಿಭೂತಿ ಹಚ್ಚಿದ, ಧೋತರ ಉಟ್ಟ ಹಿರಿಯರು. ಈ ಭಾಷೆ ಏನು ಎತ್ತ ಎಂದು ಕೇಳಲೇ ಇಲ್ಲ. ನಮ್ಮ ಕಡೆಯ ಹುಡುಗ ಅಂದರೆ ಆಯಿತು, ಬೀಗದ ಕೈ ತಗೋ ಅಂದರು. ಹತ್ತು ಹನ್ನೆರಡು ಮಂದಿ ಕೂಡಿದರು. ಅವರಲ್ಲಿ ಚುರುಕಾದವರು ಇಬ್ಬರು: ಜೇವರ್ಗಿ ಕಡೆ ಇಜೇರಿಯಿಂದ ಬಂದು ಮಾವನ ಮನೆಯಲ್ಲಿದ್ದು ಓದುವ ಹುಡುಗಿ, ಅಫಜಲಪುರ ತಾಲ್ಲೂಕಿನ ಅತನೂರ ಹುಡುಗ.

ನನಗೆ ಬಂದ ಪಾಠ: ಅತಿಥಿಯಾಗಿ ಹೋದಾಗ ಬೇಡ ಅನ್ನುವುದು ಹೇಗೆ. ಮನೆಯವಳು ತಿಂಡಿ ಮುಂದಿಡುತ್ತಾಳೆ, ಅತಿಥಿ ಬೇಡ, ಧನ್ಯವಾದ ಅನ್ನುತ್ತಾನೆ, ಮನೆಯವಳು ನಗುತ್ತ ತಾಟು ಹಿಂದಕ್ಕೆ ಒಯ್ಯುತ್ತಾಳೆ. ಮುಗಿಯಿತು. ಪಾಠದಲ್ಲಿ ಬರುವ ವಸ್ತು ಕಣ್ಣೆದುರೇ ಇರಬೇಕೆಂಬುದು ನಮ್ಮ ತರಬೇತಿಯ ಪದ್ಧತಿ. ಅವ್ವ ಬುಟ್ಟಿ ತುಂಬ ಶೇಂಗಾ ಹೋಳಿಗೆ ಮಾಡಿ ಕಳಿಸಿದಳು.

ಮೇಡಂ ಬಂದು ಹಿಂದಿನ ಬೆಂಚಿನಲ್ಲಿ ಕೂತ ಮೇಲೆ ಇಜೇರಿಯ ಹುಡುಗಿ ತಾಟು ಹಿಡಿದಳು. ಅತನೂರ ಹುಡುಗ ಮೂಗಿನಲ್ಲಿ ಅಚ್ಚುಕಟ್ಟಾಗಿ ಬೇಡವೆಂದ. ಆಕೆ ಒಂದು ಹೋಳಿಗೆ ಹಾಕಿದಳು. ಆತ ಮತ್ತೆ ಬೇಡವೆಂದ. ಆಕೆ ಇನ್ನೊಂದು ಹಾಕಿ, ಒಂದೇ ಒಂದು, ನನ್ನ ಮಾತಿಗೆ, ಎಂದು ನಾನು ಕಲಿಸಿರದ ವಾಕ್ಯವನ್ನು ತಾನೇ ಜೋಡಿಸಿ ಹೇಳಿದಳು. ಮುಂದಿನ ಜೋಡಿಯೂ ಹಾಗೇ. ಅದರ ಮುಂದಿನದೂ. ಭಾಷೆಯಲ್ಲಿ ಒಂದು ತಪ್ಪಿಲ್ಲ; ತಾಟು ಮಾತ್ರ ಹಿಂದಕ್ಕೆ ಹೋಗುತ್ತಿಲ್ಲ. ನಾನೇ ಮಾಡಿ ತೋರಿಸೋಣವೆಂದು ತಾಟು ಹಿಡಿದು ಮೇಡಂ ಹತ್ತಿರ ಹೋದೆ. ಅವರು ಸ್ಪಷ್ಟವಾಗಿ ಬೇಡವೆಂದರು. ಒಂದು ಸಲ ಬೇಡ ಅಂದವರ ಮುಂದಿನಿಂದ ತಾಟು ತೆಗೆದರೆ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ: ನೀವು ಬೇಡ ಅನ್ನಲಿ ಅಂತಲೇ ಕಾಯುತ್ತಿದ್ದೆವು. ನನ್ನ ಕೈ ನನ್ನನ್ನು ಕೇಳದೆ ಹೋಳಿಗೆ ಎತ್ತಿ ಅವರ ಅಂಗೈಯಲ್ಲಿಟ್ಟಿತು.

ಪಾಠ ಮುಗಿದ ಮೇಲೆ ಪ್ರಾಚಾರ್ಯರ ಕೋಣೆಯಲ್ಲಿ ಕೂತೆವು. ಮೇಡಂ ಹಾಳೆ ಬಿಡಿಸಿ, ಉಚ್ಚಾರ ಚೆನ್ನಾಗಿದೆ, ಮಕ್ಕಳು ಧೈರ್ಯವಾಗಿ ಮಾತಾಡುತ್ತಾರೆ ಎಂದರು. ನನಗೆ ಆಗಲೇ ಅಂಜಿಕೆಯಾಯಿತು. ಹೊಗಳಿಕೆಯನ್ನು ನಾನು ಎಂದೂ ನಂಬಿದವನಲ್ಲ. ನಂತರ ಕೇಳಿದರು: ಬೇಡ ಅನ್ನುವ ಪಾಠದಲ್ಲಿ ಒಬ್ಬರಾದರೂ ತಿನ್ನದೆ ಪಾರಾದರೇ? ಇಲ್ಲ. ಹಾಗಾದರೆ ಪಾಠದ ಗುರಿ ತಪ್ಪಿದಂತಲ್ಲವೇ? ಇಲ್ಲೇ ಒಮ್ಮೆ ಸರಿಯಾಗಿ ಮಾಡಿ ತೋರಿಸಿ, ಸಹಿ ಹಾಕುತ್ತೇನೆ ಎಂದರು.

ಎದುರಿಗೆ ಪ್ರಾಚಾರ್ಯರು ತಮ್ಮ ಕುರ್ಚಿಯಲ್ಲಿ ಕೂತು, ಒಂದಕ್ಷರ ತಿಳಿಯದಿದ್ದರೂ ಸಂತೋಷದಿಂದ ನೋಡುತ್ತಿದ್ದರು. ನಾನು ಎದ್ದು ಉಳಿದ ಹೋಳಿಗೆಯ ತಾಟು ಹಿಡಿದೆ. ಅಪ್ಪನನ್ನೂ ತೂಕದ ಕಟ್ಟೆಯನ್ನೂ ನೆನೆದೆ. ಮೇಡಂ ಬೇಡವೆಂದರು. ನಗುತ್ತ ತಾಟನ್ನು ಹಿಂದಕ್ಕೆಳೆದುಕೊಂಡೆ. ಮೇಡಂ ಸರಿ ಎಂದು ತಲೆಯಾಡಿಸಿ ಪೆನ್ನಿನ ಟೋಪಿ ಬಿಚ್ಚಿದರು.

"ಅಲ್ಲೋ ತಮ್ಮಾ," ಪ್ರಾಚಾರ್ಯರು ಕುರ್ಚಿ ಬಿಟ್ಟು ಎದ್ದರು, "ದೂರಿಂದ ಬಂದ ತಾಯಿ ಒಮ್ಮಿ ಬ್ಯಾಡ ಅಂದ್ರ ತಾಟ ಎಳಕೊಂತಾರೇನು? ಮನ್ಯಾಗ ಇದನ್ನೇ ಕಲಿಸ್ಯಾರ ನಿನಗ? ಮಕ್ಕಳಿಗೆ ಇದನ್ನೇ ಕಲಿಸಾಕತ್ತೀ ಏನು?"

ಹೇಳಬೇಕಾದದ್ದೆಲ್ಲ ನಾಲಿಗೆಯ ತುದಿಗೆ ಬಂದಿತ್ತು, ಅಚ್ಚ ಆಳಂದದ ಕನ್ನಡದಲ್ಲಿ. ಪೆನ್ನು ನೋಡಿದೆ. ಮೇಡಂ ಹೆಸರು ಉದ್ದ. ಇನ್ನೂ ಅರ್ಧ ಸಹಿಯಲ್ಲಿದ್ದರು. ನಾನು ಪ್ರಾಚಾರ್ಯರ ಕಡೆ ತಿರುಗಿ, ಎರಡೂ ಕೈಯಲ್ಲಿ ತಾಟು ಹಿಡಿದುಕೊಂಡೇ, ಬಹಳ ವಿನಯದಿಂದ, ಫ್ರೆಂಚಿನಲ್ಲಿ ಕ್ಷಮೆ ಕೇಳಿದೆ.

ಸಹಿ ಮುಗಿಯಿತು, ನಾನು ಮಾಸ್ತರನಾದೆ. ಅಷ್ಟರಲ್ಲಿ ಪ್ರಾಚಾರ್ಯರು ತಾಟು ಕಸಿದುಕೊಂಡು ಮೇಡಂ ಮುಂದೆ ಎರಡು ಹೋಳಿಗೆ ಇಟ್ಟಾಗಿತ್ತು. ಆಮೇಲೆ ಎಲ್ಲವನ್ನೂ ಕನ್ನಡದಲ್ಲಿ ಬಿಡಿಸಿ ಹೇಳಿದೆ. ಕೇಳಿಸಿಕೊಂಡರು. ಆದರೂ ಆ ವರ್ಷವೆಲ್ಲ ಎದುರು ಸಿಕ್ಕಾಗ ನಾನು ಶರಣ್ರಿ ಎಂದು ಕೈಮುಗಿದರೆ, ಅವರು ರಸ್ತೆಯ ಆಚೆ ಬದಿ ನೋಡುತ್ತಿದ್ದರು.