ಶಾಸಕರ ಗಂಟಲಾಗಿ ಒಂಬತ್ತು ದಿನ

ಕಳೆದ ವಿಧಾನಸಭಾ ಚುನಾವಣೆಯ ವರ್ಷ ನನಗೆ ಇಪ್ಪತ್ತಾರು ತುಂಬಿತ್ತು. ಹುದ್ದೆ: ಮಿಮಿಕ್ರಿ ಕಲಾವಿದ. ಕಾರ್ಯಕ್ಷೇತ್ರ: ರಾಜಾಜಿನಗರದಿಂದ ಕೆಂಗೇರಿವರೆಗಿನ ಗಣೇಶೋತ್ಸವ, ರಾಜ್ಯೋತ್ಸವ, ನಾಮಕರಣ, ಮತ್ತು ಒಮ್ಮೆ, ಬೇರೆ ದಾರಿಯಿಲ್ಲದೆ, ಒಂದು ವೈಕುಂಠ ಸಮಾರಾಧನೆ. ದೊಡ್ಡ ದೊಡ್ಡ ಅಧಿಕಾರಿಗಳು ನಿವೃತ್ತರಾದ ಮೇಲೆ ಇಂಥ ನೆನಪುಗಳನ್ನು ಬರೆಯುವುದು ವಾಡಿಕೆ. ನಿವೃತ್ತಿಯಾಗುವಷ್ಟು ಕೆಲಸವೇ ನನಗಿನ್ನೂ ಸಿಕ್ಕಿಲ್ಲವಾದ್ದರಿಂದ ಈಗಲೇ ಬರೆಯುತ್ತಿದ್ದೇನೆ.

ನನ್ನ ಐಟಂಗಳಲ್ಲಿ ಅತಿ ಹೆಚ್ಚು ಚಪ್ಪಾಳೆ ಬೀಳುತ್ತಿದ್ದದ್ದು ನಮ್ಮ ಕ್ಷೇತ್ರದ ಶಾಸಕ ಕೆಂಚವೀರಪ್ಪನವರ ದನಿಗೆ. ತಳ ಹಿಡಿದ ಬೆಲ್ಲದ ಪಾಕದಂಥ ದನಿ ಅದು. ಗಟ್ಟಿ, ಸಿಹಿ, ಸ್ವಲ್ಪ ಸುಟ್ಟ ವಾಸನೆ. ಅವರು ಮೊದಲ ಸಲ ಪಕ್ಷೇತರರಾಗಿ ನಿಂತಾಗ ಠೇವಣಿ ಕಳೆದುಕೊಂಡಿದ್ದರು. ಅಂದರೆ, ಚಲಾವಣೆಯಾದ ಮತಗಳಲ್ಲಿ ಆರನೇ ಒಂದು ಭಾಗವೂ ಬಂದಿರಲಿಲ್ಲ. ಆಮೇಲೆ ಎರಡು ಸಲ ಗೆದ್ದರು. ಎರಡನೇ ಗೆಲುವಿನ ಅಂತರ ಎಷ್ಟಿತ್ತೆಂದರೆ, ಕಲ್ಯಾಣ ಮಂಟಪದಲ್ಲಿ ಒಂದೇ ಪಂಕ್ತಿಗೆ ಅಷ್ಟೂ ಮತದಾರರನ್ನು ಊಟಕ್ಕೆ ಕೂರಿಸಬಹುದಿತ್ತು. ಈ ಸಲ ಸೋತರೆ ಅರವತ್ತೆಂಟರ ವಯಸ್ಸಿಗೆ ಟಿಕೆಟ್ ಮತ್ತೆ ಸಿಗುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು, ಅವರಿಗೂ.

ಅವರ ಕೆಲಸದ ರೀತಿ ಒಂದಿತ್ತು. ಯಾರು ಏನು ಕೇಳಿದರೂ ‘ಮಾಡಿಸ್ತೀನಿ’ ಅನ್ನುತ್ತಿರಲಿಲ್ಲ. ಪೂರ್ತಿ ಕೇಳಿಸಿಕೊಂಡು, ಆಗುವಂಥದ್ದಾದರೆ ಆಪ್ತ ಸಹಾಯಕ ಲಿಂಗಣ್ಣನ ಕಡೆ ತಿರುಗಿ ‘ಬರ್ಕೋ’ ಅನ್ನುತ್ತಿದ್ದರು. ಲಿಂಗಣ್ಣ ಕೆಂಪು ರಟ್ಟಿನ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ಪುಸ್ತಕಕ್ಕೆ ಹತ್ತಿದ್ದು ಆರು ತಿಂಗಳಿಗೋ ವರ್ಷಕ್ಕೋ ಆಗಿಯೇ ತೀರುತ್ತಿತ್ತು. ಗೋವಿಂದರಾಜನಗರದ ಓಣಿಗಳಲ್ಲಿ ಅವರ ಪಕ್ಷಕ್ಕಿಂತ ಆ ಪುಸ್ತಕಕ್ಕೆ ಹೆಚ್ಚು ಮತ ಬೀಳುತ್ತಿತ್ತು ಎಂದರೆ ತಪ್ಪಿಲ್ಲ.

ಬಹಿರಂಗ ಪ್ರಚಾರ ಮುಗಿಯಲು ಒಂಬತ್ತು ದಿನ ಇರುವಾಗ ಶಾಸಕರ ಗಂಟಲು ಕೈಕೊಟ್ಟಿತು. ಧ್ವನಿಪೆಟ್ಟಿಗೆ ಊದಿಕೊಂಡಿದೆ, ಮತದಾನ ಮುಗಿಯುವವರೆಗೂ ಒಂದಕ್ಷರ ಆಡಕೂಡದು ಎಂದು ಡಾಕ್ಟರು ಹೇಳಿದರಂತೆ. ಮರುದಿನ ಬೆಳಿಗ್ಗೆ ಲಿಂಗಣ್ಣ ನನಗೆ ಫೋನ್ ಮಾಡಿ ಕಚೇರಿಗೆ ಬರಲು ಹೇಳಿದ. ಅಣಕ ಮಾಡಿದ್ದಕ್ಕೆ ಕೇಸು ಹಾಕುತ್ತಾರೆಂದು ನಾನು ದಾರಿಯುದ್ದಕ್ಕೂ ಕ್ಷಮಾಪಣೆಯನ್ನು ರಿಹರ್ಸಲ್ ಮಾಡಿದೆ, ಅಭ್ಯಾಸಬಲದಿಂದ ಅವರದೇ ದನಿಯಲ್ಲಿ.

ಕಚೇರಿಯಲ್ಲಿ ಕೆಂಚವೀರಪ್ಪನವರು ಶಾಲೆಮಕ್ಕಳ ಸ್ಲೇಟು ಹಿಡಿದು ಕೂತಿದ್ದರು. ಅದರ ಮೇಲೆ ಬರೆದು ತೋರಿಸಿದರು: ‘ನನ್ನ ಥರ ಮಾತಾಡು.’ ಮಾತಾಡಿದೆ. ಲಿಂಗಣ್ಣ ಗಾಬರಿಯಾಗಿ ಎದ್ದು ನಿಂತ. ಶಾಸಕರು ಹೊಟ್ಟೆ ಕುಣಿಸಿ ಸದ್ದಿಲ್ಲದೆ ನಕ್ಕರು. ಆಮೇಲೆ ಒಂದು ಷರತ್ತು ಬರೆದರು. ಜನಕ್ಕೆ ಮೋಸ ಮಾಡುವ ಹಾಗಿಲ್ಲ, ಪ್ರತಿ ಬೀದಿಯ ಬಾಯಲ್ಲಿ ‘ದನಿ ನಂದು, ಮಾತು ಅಣ್ಣಂದು’ ಎಂದು ನನ್ನ ಸ್ವಂತ ದನಿಯಲ್ಲೇ ಮೊದಲು ಹೇಳಬೇಕು. ನನ್ನ ಸ್ವಂತ ದನಿ ಯಾವುದೆಂದು ನೆನಪಿಸಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು.

ಮೊದಲ ಮೂರು ದಿನ ಹಬ್ಬ. ಶಾಸಕರು ಕೈಮುಗಿದು ಮುಂದೆ, ನಾನು ಮೈಕು ಹಿಡಿದು ಪಕ್ಕದಲ್ಲಿ, ಲಿಂಗಣ್ಣ ಪುಸ್ತಕ ಹಿಡಿದು ಹಿಂದೆ. ಜನ ಅಹವಾಲು ಹೇಳಿದರೆ ಅವರು ಸ್ಲೇಟಿನಲ್ಲಿ ಗೀಚುತ್ತಿದ್ದರು, ನಾನು ಓದುತ್ತಿದ್ದೆ. ನೀತಿ ಸಂಹಿತೆ ಜಾರಿಯಲ್ಲಿರುವಾಗ ಹೊಸ ಕಾಮಗಾರಿ ಘೋಷಿಸುವಂತಿಲ್ಲವಾದ್ದರಿಂದ ಮನವಿ ಬರೆದುಕೊಳ್ಳುವುದಷ್ಟೇ ಆಗುತ್ತಿತ್ತು. ಆರತಿ ತಂದ ಹೆಂಗಸರು ಮೊದಲು ಅವರಿಗೆ ಬೆಳಗಿ, ಆಮೇಲೆ ನನ್ನ ಗಂಟಲಿಗೂ ಒಂದು ಸುತ್ತು ಬೆಳಗುತ್ತಿದ್ದರು. ಉಲ್ಲಾಳದ ಬಸ್ ಸ್ಟಾಪಿನಲ್ಲಿ ಕಾಲೇಜು ಹುಡುಗರು ಶಾಸಕರನ್ನು ಬಿಟ್ಟು ನನ್ನ ಜತೆ ಸೆಲ್ಫಿ ತೆಗೆದುಕೊಂಡರು. ತಲೆ ತಿರುಗುವುದಕ್ಕೆ ಇನ್ನೇನು ಬೇಕು?

ನಾಲ್ಕನೇ ದಿನ ಮಧ್ಯಾಹ್ನ ಗೋವಿಂದರಾಜನಗರದಲ್ಲಿ ಎರಡು ಅಡ್ಡರಸ್ತೆ ಬಾಕಿಯಿರುವಾಗ ಶಾಸಕರು ಗಂಟಲು ತೋರಿಸಲು ಆಸ್ಪತ್ರೆಗೆ ಹೋಗಬೇಕಾಯಿತು. ಸುಮ್ಮನೆ ಕರಪತ್ರ ಹಂಚಿ, ನಮಸ್ಕಾರ ಹೇಳಿ ಮುಗಿಸಿ ಎಂದು ಬರೆದು ಹೊರಟರು. ಮೊದಲ ಮನೆಯಲ್ಲೇ ಪುಟ್ಟತಾಯಮ್ಮ ಎಂಬ ಹಿರಿಯರು, ಮೆಟ್ರೋ ನಮ್ಮ ಅಡ್ಡರಸ್ತೆ ಪಕ್ಕಕ್ಕೇ ಬಂದರೆ ಮಂಡಿ ನೋವಿಗೆ ಅನುಕೂಲ ಎಂದರು. ಇದ್ದಲ್ಲಿ ಇರಲಾರದೆ ನಾನು ಸ್ಟೇಜಿನ ಮೇಲೆ ಮಾಡುತ್ತಿದ್ದ ಹಾಗೆಯೇ ಕತ್ತು ತಿರುಗಿಸಿ, ಬೆಲ್ಲದ ದನಿಯಲ್ಲಿ ‘ಬರ್ಕೋ’ ಅಂದೆ.

ನಾನು ಮಾಡಿದ್ದು ತಮಾಷೆಗೆ. ಆದರೆ ಹನ್ನೊಂದು ವರ್ಷದಿಂದ ಆ ದನಿಗೆ ಪಳಗಿದ್ದ ಲಿಂಗಣ್ಣನ ಕೈ ಅವನನ್ನು ಕೇಳಲೇ ಇಲ್ಲ. ಅದು ಪುಸ್ತಕ ಬಿಚ್ಚಿತು, ಪೆನ್ನಿನ ಮುಚ್ಚಳ ತೆಗೆಯಿತು, ಬರೆಯಿತು. ಕೆಂಪು ಪುಸ್ತಕ ತೆರೆದದ್ದನ್ನು ನೋಡಿ ಬೀದಿಗೆ ಬೀದಿಯೇ ಹೊರಗೆ ಬಂತು. ಮೂರನೇ ಮಹಡಿಗೆ ಕಾವೇರಿ ನೀರು ತಾನಾಗಿ ಹತ್ತಬೇಕು. ಬರ್ಕೋ. ಎದುರು ಮನೆಯವರ ತೆಂಗಿನ ಮರ ಈ ಕಡೆ ಬಾಗಬಾರದು. ಬರ್ಕೋ. ಖಾಸಗಿ ಸೈಟಿನಲ್ಲಿ ಪಾರ್ಕು, ಬೇರೆ ಇಲಾಖೆಯ ಜಾಗದಲ್ಲಿ ಡೆಲಿವರಿ ಹುಡುಗರಿಗೆ ನೆರಳು, ಅಳಿಯನಿಗೆ ಬೀದರಿನಿಂದ ವರ್ಗ. ಎರಡು ಬೀದಿ ಮುಗಿಯುವ ಹೊತ್ತಿಗೆ ಮೂವತ್ತೆಂಟು. ಅಷ್ಟು ಕೈಚಪ್ಪಾಳೆ ನನಗೆ ಯಾವ ಗಣೇಶನೂ ಕೊಡಿಸಿರಲಿಲ್ಲ.

ಮರುದಿನ ಬೆಳಿಗ್ಗೆ ಕಚೇರಿಯಲ್ಲಿ ಕೆಂಚವೀರಪ್ಪನವರು ಪುಸ್ತಕ ಓದುತ್ತಿದ್ದರು. ಕಾಫಿ ಆರಿಹೋಗಿತ್ತು. ಮೆಟ್ರೋ ಇದ್ದ ಪುಟದಲ್ಲಿ ಅವರ ಬೆರಳು ಬಹಳ ಹೊತ್ತು ನಿಂತಿತು. ಲಿಂಗಣ್ಣ ನನ್ನನ್ನು ಬೈದ, ನಾನು ಅವನ ಕೈಯನ್ನು ಬೈದೆ. ಶಾಸಕರು ಹನ್ನೊಂದು ಬೇಡಿಕೆಗಳಿಗೆ ಗೀಟು ಹಾಕಿ, ಇವು ಆಗುತ್ತವೆ ಎಂದು ಸನ್ನೆ ಮಾಡಿದರು. ಆಮೇಲೆ ಸ್ಲೇಟು: ‘ಉಳಿದ ಇಪ್ಪತ್ತೇಳು ಮನೆಗೆ ಹೋಗಿ ಇಲ್ಲ ಅಂತ ಹೇಳಬೇಕು. ಇವತ್ತೇ.’

“ಅಣ್ಣಾ, ಎಲೆಕ್ಷನ್‌ಗೆ ಒಂದು ವಾರ ಇಟ್ಕೊಂಡು ಯಾರಾದ್ರೂ ಇಲ್ಲ ಅಂತಾರಾ?” ಎಂದ ಲಿಂಗಣ್ಣ. “ಇಪ್ಪತ್ತೇಳು ಮನೆ ಅಂದ್ರೆ ನೂರು ಓಟು. ಹೋದ ಸಲ ನಾವು ಗೆದ್ದ ಅಂತರ ಮರ್ತೋಯ್ತಾ? ಗೆದ್ದ ಮೇಲೆ ಹೇಳೋಣ ಬಿಡಿ.”

ಶಾಸಕರು ಸ್ಲೇಟು ಒರೆಸಿ ದೊಡ್ಡ ಅಕ್ಷರದಲ್ಲಿ ಬರೆದರು: ‘ಗೆದ್ದ ಮೇಲೆ ಹೇಳಿದರೆ ಅದು ಮೋಸ.’

ನನಗೆ ಬೇರೆಯದೇ ಕಷ್ಟ. ಅವರು ‘ಇಲ್ಲ’ ಅನ್ನುವುದನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ವೇದಿಕೆಯ ಮೇಲೆ ಯಾವ ಶಾಸಕರೂ ಹಾಗೆ ಅನ್ನುವುದಿಲ್ಲವಲ್ಲ. ಹೇಗೆ ಹೇಳುತ್ತೀರಿ ಸಾರ್ ಎಂದು ಕೇಳಿದೆ. ‘ಕೂತು’ ಎಂದು ಬರೆದರು. ಅದರ ಕೆಳಗೆ, ‘ಆಗುತ್ತೆ ಅನ್ನೋದನ್ನ ರಸ್ತೇಲಿ ನಿಂತು ಹೇಳಬಹುದು. ಆಗಲ್ಲ ಅನ್ನೋದನ್ನ ಅವರ ಮನೆಯೊಳಗೆ ಕೂತೇ ಹೇಳಬೇಕು.’

ಹಾಗಾಗಿ ಮೂವರೂ ಇಪ್ಪತ್ತೇಳು ಮನೆಗಳಲ್ಲಿ ಕೂತೆವು. ಮೈಕು ಇಲ್ಲ, ತಮಟೆ ಇಲ್ಲ. ಮೊದಲನೆಯದು ಪುಟ್ಟತಾಯಮ್ಮನವರ ಮನೆ. ಶಾಸಕರು ನನ್ನ ಮೊಣಕೈ ಮುಟ್ಟಿದರು. ನಾನು ಅವರ ದನಿ ತೆಗೆಯಲು ಹೋದೆ, ಬರಲಿಲ್ಲ. ಬಂದದ್ದು ನನ್ನದೇ, ಪರೀಕ್ಷೆಯಲ್ಲಿ ಫೇಲಾದ ದಿನದ ದನಿ. ಅಮ್ಮಾ, ನಿನ್ನೆ ಅಂದದ್ದು ಅಣ್ಣನ ಮಾತಲ್ಲ, ನನ್ನ ಹುಡುಗಾಟ, ಮೆಟ್ರೋ ಈ ಕಡೆ ಬರೋದಿಲ್ಲ ಎಂದೆ.

ಆಕೆ ಪಕ್ಕದಲ್ಲಿದ್ದ ಫೋನು ಎತ್ತಿಕೊಂಡರು. “ಬರಲ್ಲ ಅಂತ ನಂಗೊತ್ತಿಲ್ವೇನೋ? ಆದ್ರೆ ಪುಸ್ತಕಕ್ಕೆ ಹತ್ತಿತಲ್ಲ ಅಂತ ಮೈಸೂರಲ್ಲಿರೋ ಮಗಳಿಗೆ ಫೋನ್ ಮಾಡ್ಬಿಟ್ಟೆ ಕಣೋ. ಈಗ ನೀನೇ ಮಾಡಿ ಹೇಳು.” ನಂಬರು ಒತ್ತಿ ಫೋನು ಕೊಟ್ಟೇಬಿಟ್ಟರು. ಮಗಳು ನನಗೆ ಏನೆಂದಳೆಂಬುದನ್ನು ಇಲ್ಲಿ ಬರೆಯುವಂತಿಲ್ಲ. ನಾನು ಬೈಸಿಕೊಂಡಷ್ಟು ಹೊತ್ತೂ ಒಳಗಿಂದ ಕೋಡುಬಳೆ ಬರುತ್ತಲೇ ಇತ್ತು.

ಎಲ್ಲ ಮನೆಯೂ ಹಾಗಿರಲಿಲ್ಲ. ಪಾರ್ಕು ಕೇಳಿದ್ದ ಹಾರ್ಡ್‌ವೇರ್ ಅಂಗಡಿಯವರು, ಇಲ್ಲ ಅನ್ನೋದಕ್ಕೆ ನಮಗೆ ಶಾಸಕರೇ ಬೇಕಾ ಎಂದು ಎದ್ದು ಹೋದರು. ಅವರ ಮನೆಯಲ್ಲಿ ಏಳು ಮತ ಎಂದು ಲಿಂಗಣ್ಣ ಮೆಟ್ಟಿಲಿಳಿಯುವಾಗ ಮೂರು ಸಲ ಹೇಳಿದ. ತೆಂಗಿನ ಮರದ ಮನೆಯಲ್ಲಿ ಗಂಡನಿಗೆ ಸಿಟ್ಟು, ಹೆಂಡತಿಗೆ ನಗು. ನೆರಳು ಕೇಳಿದ್ದ ಗದಗದ ಡೆಲಿವರಿ ಹುಡುಗ ಬಾಡಿಗೆ ರೂಮಿನಲ್ಲಿ ಒಂದೇ ಕುರ್ಚಿಯಿದ್ದದ್ದಕ್ಕೆ ಶಾಸಕರನ್ನು ಅದರಲ್ಲಿ ಕೂರಿಸಿ, ನಮ್ಮಿಬ್ಬರನ್ನು ಚಾಪೆಗೆ ಹಾಕಿ, ಪೂರ್ತಿ ಕೇಳಿದ.

“ಹೂಂ ಅಂದು ಹೋದಾವ್ರನ್ನ ಭಾಳ ಮಂದಿ ನೋಡೀನ್ರಿ ಸರ್ರ. ಇಲ್ಲ ಅನ್ನಾಕ ಮೂರು ಮಹಡಿ ಹತ್ತಿ ಬಂದವ್ರು ನೀವ ಮೊದಲು,” ಎಂದ.

ಶಾಸಕರು ಸ್ಲೇಟು ತೆಗೆದು ಆ ಜಾಗ ಯಾವ ಇಲಾಖೆಯದು, ಅರ್ಜಿ ಯಾರಿಗೆ ಕೊಡಬೇಕು ಎಂಬುದನ್ನು ಎರಡೂ ಬದಿಗೆ ಬರೆದು ತೋರಿಸಿದರು. ಅವನು ಅದರ ಫೋಟೋ ತೆಗೆದುಕೊಂಡ. ಅಂದು ಸಂಜೆಗೆ ನಾವು ಕುಡಿದ ಕಾಫಿ ತಲಾ ಹದಿನೇಳು. ಲಿಂಗಣ್ಣನ ಕೈ ನಡುಗುತ್ತಿತ್ತು. ಈಗ ಏನೂ ಬರೆಯುವ ಸ್ಥಿತಿಯಲ್ಲಿಲ್ಲ, ಇದೇ ಕ್ಷೇಮ ಎಂದ.

ಮತ ಎಣಿಕೆಯ ದಿನ ಲಿಂಗಣ್ಣ ಏಜೆಂಟಾಗಿ ಒಳಗಿದ್ದ, ಅಂದರೆ ಅಭ್ಯರ್ಥಿಯ ಪರವಾಗಿ ಎಣಿಕೆ ನೋಡುವವನು. ನಾನು ಹೊರಗೆ ಬಿಸಿಲಲ್ಲಿ ಉಗುರು ಕಚ್ಚುತ್ತಿದ್ದೆ. ಮೊದಲ ಸುತ್ತುಗಳಲ್ಲಿ ಹಿಂದೆ ಬಿದ್ದರು. ಅದೆಲ್ಲ ನನ್ನಿಂದಲೇ ಅನ್ನಿಸಿ, ಊರು ಬಿಟ್ಟು ಯಾವ ತಾಲ್ಲೂಕಿನಲ್ಲಿ ಮಿಮಿಕ್ರಿಗೆ ಬೇಡಿಕೆಯಿದೆ ಎಂದು ಯೋಚಿಸಿದೆ. ಮಧ್ಯಾಹ್ನದ ಹೊತ್ತಿಗೆ ಸಮಸಮ. ಕೊನೆಗೆ ಗೋವಿಂದರಾಜನಗರದ ಮತಯಂತ್ರಗಳು ತೆರೆದವು. ನಾವು ಇಲ್ಲ ಅಂದು ಬಂದ ಆ ಎರಡು ಅಡ್ಡರಸ್ತೆಯ ಮತಗಟ್ಟೆಯಲ್ಲಿ ಅವರಿಗೆ ಹಿಂದಿನ ಸಲಕ್ಕಿಂತ ಹೆಚ್ಚು ಮತ ಬಿದ್ದಿತ್ತು. ಗೆದ್ದರು. ಅಂತರ ದೊಡ್ಡದಲ್ಲ, ಆದರೆ ಮರುಎಣಿಕೆ ಕೇಳುವಷ್ಟು ಚಿಕ್ಕದೂ ಅಲ್ಲ. ಹಾರ್ಡ್‌ವೇರ್ ಅಂಗಡಿಯ ಏಳು ಮತ ಎತ್ತ ಹೋಯಿತೋ ದೇವರಿಗೇ ಗೊತ್ತು.

ಅಂದು ಸಂಜೆ ಕಚೇರಿ ಮುಂದೆ ಜನ ಸೇರಿದ್ದರು. ಡಾಕ್ಟರು ಎರಡು ನಿಮಿಷ ಮಾತಾಡಲು ಬಿಟ್ಟಿದ್ದರು. ಎರಡು ವಾರದ ಮೌನದ ಮೇಲೆ ಶಾಸಕರು ಮೈಕು ಹಿಡಿದರು. ಮತದಾರ ಬಂಧುಗಳಿಗೆ ಧನ್ಯವಾದ ಬರುತ್ತದೆಂದು ನಾವು ಕೈಕಟ್ಟಿ ನಿಂತಿದ್ದೆವು. ಅವರು ಹೆಗಲು ಕುಗ್ಗಿಸಿ, ಕಣ್ಣು ಪಿಳಿಪಿಳಿ ಮಾಡಿ, ತೆಳ್ಳಗಿನ ಮೂಗುದನಿಯಲ್ಲಿ ಶುರು ಮಾಡಿದರು: “ಸಾರ್, ಅದೂ... ಆಕ್ಚುಲಿ ಸಾರ್, ಬಾಯಿ ನಂದೇ ಸಾರ್, ಆದ್ರೆ ಬರೆದಿದ್ದು ಅವನ ಕೈ ಸಾರ್.”

ಯಾರನ್ನು ಅಣಕಿಸುತ್ತಿದ್ದಾರೆಂದು ಜನಕ್ಕೆಲ್ಲ ತಕ್ಷಣ ಗೊತ್ತಾಯಿತು. ನನಗೆ ಮಾತ್ರ ಗೊತ್ತಾಗಲು ಲಿಂಗಣ್ಣ ನನ್ನ ಬೆನ್ನಿಗೆ ಗುದ್ದಬೇಕಾಯಿತು. ನಾನು ಹಾಗಾ ಕಾಣೋದು ಎಂದು ಕೇಳಿದೆ. ಇನ್ನೂ ಕಡೆ ಕಣಪ್ಪ ಎಂದ.

ಈಗಲೂ ಅದೇ ಕೆಲಸದಲ್ಲಿದ್ದೇನೆ, ಬೇಡಿಕೆಯೂ ಸ್ವಲ್ಪ ಹೆಚ್ಚಿದೆ. ಬೇರೆ ಬೇರೆ ಪಕ್ಷದವರ ದನಿ ಮಾಡುತ್ತೇನೆ, ಬೈಸಿಕೊಳ್ಳುತ್ತೇನೆ, ಅವರ ಮೊಮ್ಮಕ್ಕಳ ನಾಮಕರಣಕ್ಕೂ ಹೋಗುತ್ತೇನೆ. ಆದರೆ ಹೊಸಬರೊಬ್ಬರನ್ನು ಕಲಿಯುವಾಗ ಅವರ ಭಾಷಣದ ವಿಡಿಯೋ ನೋಡುವುದನ್ನು ಬಿಟ್ಟಿದ್ದೇನೆ. ಅವರ ಕಚೇರಿಯ ಬೆಂಚಿನಲ್ಲಿ ಅರ್ಜಿ ಹಿಡಿದವನ ಹಾಗೆ ಕೂತು, ಯಾರಿಗಾದರೂ ‘ಆಗಲ್ಲ’ ಅನ್ನುವವರೆಗೂ ಕಾಯುತ್ತೇನೆ. ಕೆಲವು ಕಡೆ ದಿನಗಟ್ಟಲೆ ಕಾದು ಬರಿಗೈಲಿ ವಾಪಸಾದದ್ದೂ ಉಂಟು. ಈ ವೃತ್ತಿ ನನಗೆ ಕಲಿಸಿದ್ದು ಇಷ್ಟು: ಹೂಂ ಅನ್ನುವಾಗ ಎಲ್ಲ ಶಾಸಕರ ದನಿಯೂ ಒಂದೇ ಥರ ಕೇಳಿಸುತ್ತದೆ.