ಕರೆಂಟ್ ಬಂದಾಗ ತಿರುಗುವ ಬ್ಲೇಡು

ಲುಂಬಿನಿ ಕೂತು ಊಟ ಮಾಡಿದ್ದನ್ನು ನಾನು ನೋಡಿಲ್ಲ. ಶಹಾಬಾದಿನ ಡಿಪ್ಲೊಮಾ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ನಾವಿಬ್ಬರೂ ಪಾಠ ಹೇಳುತ್ತೇವೆ. ಡಬ್ಬಿ ಕೈಯಲ್ಲಿ ಹಿಡಿದು ಅತ್ತಿಂದಿತ್ತ ಓಡಾಡುತ್ತಲೇ ರೊಟ್ಟಿ ಮುರಿಯುತ್ತಾಳೆ. ನೋಡುವವರಿಗೇ ತಲೆ ತಿರುಗಬೇಕು. ಕಳೆದ ವಾರವಂತೂ ಅವಳ ಕಾಲು ನಿಂತಲ್ಲಿ ನಿಲ್ಲಲಿಲ್ಲ.

ಕಾರಣವಿತ್ತು. ಅವಳಪ್ಪ ಚಂದ್ರಾಮ ಕಾಕಾ ರಾವೂರಿನ ಹತ್ತಿರ ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ಯುವ ಮಷೀನಿನಲ್ಲಿ ದುಡಿಯುತ್ತಾರೆ. ನಿಂತಿದ್ದ ಬ್ಲೇಡು ತಾನಾಗಿ ತಿರುಗಿ ಅವರ ಅಂಗಿಯ ತೋಳು ಹರಿದಿತ್ತು. ಮಾಲೀಕ ಮಜೀದಸಾಬರು ಮಷೀನು ನಿಲ್ಲಿಸಿದರು, ಆದರೆ ಸೋಮವಾರದವರೆಗೆ ಮಾತ್ರ. ಅಷ್ಟರೊಳಗೆ ಕಾರಣ ಸಿಗದಿದ್ದರೆ ಕಾಕಾ ಮತ್ತೆ ಅದೇ ಬ್ಲೇಡಿನ ಮುಂದೆ ನಿಲ್ಲಬೇಕು.

ಮಷೀನನ್ನು ನಡೆಸುವ ಪ್ರೋಗ್ರಾಮಿನ ಕೋಡನ್ನು ಲುಂಬಿನಿ ಪೆನ್‌ಡ್ರೈವಿನಲ್ಲಿ ತಂದಳು. ಯಾರ್ಯಾರೋ ತೇಪೆ ಹಚ್ಚಿದ ಕೌದಿ ಅದು. ಬ್ಲೇಡು ಚಾಲೂ ಮಾಡುವ ಆಜ್ಞೆಯನ್ನು ಹುಡುಕಿದರೆ ಹಸಿರು ಬಟನ್ನಿನ ಜಾಗದಲ್ಲಿ ಮಾತ್ರ ಸಿಕ್ಕಿತು.

"ಆಜ್ಞೆ ಒಂದೇ ಕಡಿ ಇದ್ರ ತಾನಾಗೇ ಹ್ಯಾಂಗ ತಿರುಗ್ತದ?" ಎಂದಳು.

ಕೋಡನ್ನು ಓದಿ ಬಿಡಿಸಿಡುವ ಕಂಪೈಲರ್ ಲೈಬ್ರರಿ ಎಂಬ ಸಾಫ್ಟ್‌ವೇರಿಗೆ ಅದನ್ನು ಕೊಟ್ಟಳು. ಅದು ಬರೀ ಅಕ್ಷರ ಹುಡುಕುವುದಿಲ್ಲ. ಒಂದೇ ಆಜ್ಞೆಗೆ ಇಟ್ಟ ಬೇರೆ ಬೇರೆ ಅಡ್ಡಹೆಸರುಗಳನ್ನೆಲ್ಲ ಬಿಡಿಸಿ, ಯಾವ ಷರತ್ತಿನ ಕೆಳಗೆ ಯಾವ ಕೆಲಸ ಎಂದು ಇಡೀ ಕೋಡನ್ನು ಮರದಂತೆ ಕೊಂಬೆ ಕೊಂಬೆಯಾಗಿ ಹರಡಿಡುತ್ತದೆ. ಆ ಮರದಲ್ಲೂ ಒಂದೇ ಕಡೆ.

ನನಗೆ ಸಾಕಾಗಿತ್ತು. "ಬಿಡವಾ, ವೈರಿಂಗಿನದೇ ದೋಷ ಇರಬೇಕು" ಎಂದೆ. ನುಂಗುವಂತೆ ನೋಡಿದಳು.

ಆಮೇಲೆ ಅವಳಿಗೇ ಹೊಳೆಯಿತು. ಈ ಮಷೀನಿಗಾಗಿ ಪ್ರೋಗ್ರಾಮು ತಯಾರಿಸುವಾಗ ಬಳಸುವ ಆಯ್ಕೆಗಳನ್ನು ಲೈಬ್ರರಿಗೆ ಹೇಳಿರಲೇ ಇಲ್ಲ. ಹೇಳದಿದ್ದರೆ ಆ ಆಯ್ಕೆಗಳಿಗೆ ಸೇರಿದ ಕೋಡಿನ ಭಾಗ ಮರಕ್ಕೆ ಬರುವುದಿಲ್ಲ. ಈಗ ಹೇಳಿದಳು. ಅಡ್ಡಹೆಸರಿನಡಿ ಅಡಗಿದ್ದ ಹೊಸ ಕೊಂಬೆಯೊಂದು ಕಾಣಿಸಿತು: ಕರೆಂಟ್ ಹೋಗಿ ಬಂದರೆ, ಮೊದಲು ತಿರುಗುತ್ತಿದ್ದ ಬ್ಲೇಡನ್ನು ಮತ್ತೆ ತಿರುಗಿಸು.

ಇದನ್ನು ಯಾರು ಬರೆಸಿದರೆಂದು ಕೇಳಲು ಸಿಟ್ಟಿನಲ್ಲೇ ಅಪ್ಪನಿಗೆ ಫೋನು ಹಚ್ಚಿದಳು.

"ನಾನೇ ಮೆಕ್ಯಾನಿಕಗ ಹೇಳಿದ್ದೆ ಯವ್ವಾ. ಕರೆಂಟ್ ಹೋದಾಗೊಮ್ಮೆ ಅಷ್ಟು ದೂರ ಹೋಗಿ ಬಟನ್ ಒತ್ತೋದು ಭಾಳ ತ್ರಾಸ" ಎಂದರು ಕಾಕಾ.

"ಕರೆಂಟ್ ಇಲ್ದಾಗ ನೀ ಏನ್ ಮಾಡ್ತಿ?"

"ಬ್ಲೇಡಿಗೆ ಮೆತ್ತಿದ ಕಲ್ಲಿನ ರಾಡಿ ತೆಗೀತೀನಿ. ಸುಮ್ನ ಯಾಕ ಕುಂದ್ರಬೇಕು?"

ಸುಮ್ಮನೆ ಕೂರದ ಗುಣ ಲುಂಬಿನಿಗೆ ಎಲ್ಲಿಂದ ಬಂತೆಂದು ನನಗೆ ಆಗ ತಿಳಿಯಿತು.

ಸೋಮವಾರ ನನ್ನನ್ನೂ ಕರೆದುಕೊಂಡು ಹೋಗಿ, ಆ ಕೊಂಬೆ ಕತ್ತರಿಸಿದ ಪ್ರೋಗ್ರಾಮನ್ನು ಮಷೀನಿಗೆ ಹಾಕಿದಳು. ಮೇನ್ ಸ್ವಿಚ್ ಬಂದ್ ಮಾಡದೆ ಬ್ಲೇಡಿಗೆ ಕೈ ಹಾಕಬೇಡ ಎಂದು ಅಪ್ಪನಿಗೆ ಹತ್ತು ಸಲ ಹೇಳಿದಳು. ಮಧ್ಯಾಹ್ನ ಕರೆಂಟ್ ಹೋಯಿತು. ಕಾಕಾ ರೂಢಿಯಂತೆ ಬಗ್ಗಿ ರಾಡಿ ಕೆರೆಯತೊಡಗಿದರು. ಲುಂಬಿನಿ ಕೂಗುತ್ತಾ ಓಡಿದಳು. ಅವಳು ತಲುಪುವ ಮೊದಲೇ ಷೆಡ್ಡಿನ ಬಲ್ಬು ಹತ್ತಿತು.

ಬ್ಲೇಡು ಅಲುಗಲಿಲ್ಲ. ಕಾಕಾ ಬಲ್ಬು ನೋಡಿದರು, ಬ್ಲೇಡಿನ ಮೇಲಿದ್ದ ತಮ್ಮ ಕೈ ನೋಡಿದರು, ಮೆಲ್ಲಗೆ ಹಿಂದೆಗೆದರು. ಹೋಗಿ ಮೇನ್ ಸ್ವಿಚ್ ಬಂದ್ ಮಾಡಿದರು.

ಲುಂಬಿನಿ ಅಲ್ಲೇ ಹಸಿ ಕಲ್ಲಿನ ಮೇಲೆ ಕೂತುಬಿಟ್ಟಳು. ನಾನು ಎಬ್ಬಿಸಿದರೂ ಏಳಲಿಲ್ಲ.